ಮಗಳು ಫಿಲಾಸಫಿ ಓದ್ತೀನಿ ಅಂತಿದ್ದಾಳೆ, ಓದಿದವರು ಹೇಳಿ

ಕೇಳಿದವರು (ಹಾಸನ): ಮಗಳು ಸೆಕೆಂಡ್ ಪಿಯು ಸೈನ್ಸ್ ಮುಗಿಸಿದ್ದಾಳೆ, ಮಾರ್ಕ್ಸೂ ಚೆನ್ನಾಗೇ ಬಂದಿದೆ. ಈಗ ಬಿ.ಎ. ಸೇರಿ ತತ್ತ್ವಶಾಸ್ತ್ರ ಓದ್ತೀನಿ ಅಂತ ಹಟ. ಯಾಕೆ ಅಂದ್ರೆ "ಕುತೂಹಲ" ಅಂತಾಳೆ. ಅವರಪ್ಪ ಮಾತು ಬಿಟ್ಟಿದ್ದಾರೆ. ಕುತೂಹಲ ನಂಬ್ಕೊಂಡು ಮೂರು ವರ್ಷ ಕಳೆಯಬಹುದಾ?

ಮೈಸೂರಿನಿಂದ: ಮೇಡಂ, ನಾನು ಎಂ.ಎ. ಮಾಡಿದವನು. ನಿಜ ಹೇಳ್ಬೇಕಂದ್ರೆ ಬೇರೆಲ್ಲೂ ಸೀಟು ಸಿಗದೆ ಸೇರಿದ್ದು, ಕುತೂಹಲ ಗಿತೂಹಲ ಏನೂ ಇರಲಿಲ್ಲ. ಮೊದಲ ವರ್ಷ ನ್ಯಾಯದರ್ಶನ, ಅಂದ್ರೆ ನಮ್ಮ ಹಳೇ ತರ್ಕಶಾಸ್ತ್ರ. ಬೆಟ್ಟದಲ್ಲಿ ಹೊಗೆ ಕಾಣ್ತಿದೆ, ಹಾಗಾಗಿ ಅಲ್ಲಿ ಬೆಂಕಿ ಇದೆ, ಅಡುಗೆಮನೆಯಲ್ಲಿ ಇರೋ ಹಾಗೆ. ಇಷ್ಟು ಹೇಳೋಕೆ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಅಂತ ಐದು ಮೆಟ್ಟಿಲು. ಹಿಂದಿನ ಬೆಂಚಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು. ಮೇಷ್ಟ್ರು ನನ್ನನ್ನೇ ಎಬ್ಬಿಸಿ ಕೇಳಿದ್ರು: "ನೀನು ಎಷ್ಟು ಅಡುಗೆಮನೆ ನೋಡಿದ್ದೀಯಪ್ಪ? ಹೊಗೆ ಇದ್ದಲ್ಲೆಲ್ಲ ಬೆಂಕಿ ಇದ್ದೇ ಇರುತ್ತೆ ಅಂತ ಯಾವ ಧೈರ್ಯದ ಮೇಲೆ ಹೇಳ್ತೀಯ?" ಕಣ್ಣಿಗೆ ಕಂಡಿದ್ದನ್ನಷ್ಟೇ ನಂಬೋ ಚಾರ್ವಾಕರು ಎತ್ತಿದ ಆಕ್ಷೇಪ ಅದು. ಹಾಸ್ಟೆಲ್ಲಿಗೆ ಹೋಗಿ ಮಲಗಿದರೂ ಉತ್ತರ ಹೊಳೀಲಿಲ್ಲ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಹ್ಯೂಮ್ ಕೂಡ ಹೆಚ್ಚುಕಮ್ಮಿ ಇದೇ ಪ್ರಶ್ನೆ ಹಿಡ್ಕೊಂಡು ಕೂತಿದ್ದ ಅಂತ ಮುಂದಿನ ವರ್ಷ ಓದಿದಾಗ ಮೈ ಜುಂ ಅಂತು.

ತಮಾಷೆ ಅಂದ್ರೆ, ಕುತೂಹಲ ಇಟ್ಕೊಂಡೇ ಬಂದಿದ್ದ ಇಬ್ಬರು ಅರ್ಧಕ್ಕೇ ಬಿಟ್ಟು ಹೋದ್ರು. ದೇವರಿದ್ದಾನಾ, ಸತ್ತಮೇಲೆ ಏನು, ಅವರಿಗೆ ಬೇಕಾಗಿದ್ದು ಉತ್ತರ. ಇಲ್ಲಿ ಸಿಗೋದು "ಇದ್ದಾನೆ ಅಂದ್ರೆ ಏನರ್ಥ" ಅನ್ನೋ ಇನ್ನೊಂದು ಪ್ರಶ್ನೆ. ಹಾಗಾಗಿ ನಿಮ್ಮ ಮಗಳ ಕುತೂಹಲ ಯಾವ ಥರದ್ದು ಅಂತ ನೋಡಿ. ಅವಳು ಸುತರಾಂ ಒಪ್ಪದ ಒಂದು ಮಾತು ಕೊಟ್ಟು, ಅದರ ಪರವಾಗಿ ಎರಡು ಪುಟ ಬರೆಸಿ. ಪೂರ್ವಪಕ್ಷ ಅಂತಾರೆ ಇದಕ್ಕೆ. ಎಂ. ಹಿರಿಯಣ್ಣನವರು ನಮ್ಮೂರಲ್ಲಿ ವರ್ಷಾನುಗಟ್ಟಲೆ ಮಾಡಿದ ಪಾಠಗಳೇ 1932ರಲ್ಲಿ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ' ಅನ್ನೋ ಇಂಗ್ಲಿಷ್ ಪುಸ್ತಕವಾಗಿ ಬಂದವು. ಅದರ ಒಂದು ಅಧ್ಯಾಯವನ್ನೂ ಓದಲಿ. ಬೇಜಾರಾಗದಿದ್ರೆ ಸೇರಿಸಿ. ನಾನೀಗ ವಿಮಾ ಕಚೇರಿಯಲ್ಲಿ ಬೆಂಕಿ ಅನಾಹುತದ ಕ್ಲೇಮು ನೋಡ್ತೀನಿ, ಊಟಕ್ಕೇನೂ ಕಮ್ಮಿ ಆಗಿಲ್ಲ.

ಧಾರವಾಡದಿಂದ: ಅಕ್ಕಾರ, ಕುತೂಹಲ ಖರೆ, ಹೊಟ್ಟಿಪಾಡೂ ಖರೆ. ಕಾಲೇಜಿನ್ಯಾಗ ಪಾಠ ಮಾಡಾಕ ಬೇಕಾದ ನೆಟ್ ಪರೀಕ್ಷಾ ನಾ ಪಾಸಾಗಿದ್ದು ಮೂರನೇ ಸಲಕ್ಕ. ಈ ವಿಷಯದ ಹುದ್ದೆ ಭಾಳ ಕಡಿಮಿ ಅದಾವ್ರಿ, ಅತಿಥಿ ಉಪನ್ಯಾಸಕಿ ಅಂತನ ಐದು ವರ್ಷ ಹೋತು. ಯುಪಿಎಸ್‌ಸಿ ಒಳಗ ಫಿಲಾಸಫಿ ಐಚ್ಛಿಕ ಐತಿ, ಎರಡು ಪತ್ರಿಕೆ ಸೇರಿ 500 ಅಂಕ. ಆದ್ರ ಅದೊಂದನ್ನ ನಂಬಿ ಹಚ್ಚಬ್ಯಾಡ್ರಿ. ಜೋಡಿಗೆ ಅರ್ಥಶಾಸ್ತ್ರನೋ ಇಂಗ್ಲಿಷೋ ಗಟ್ಟಿ ಇರಲಿ. ಮತ್ತ ಕಾಲೇಜಿಗೆ ಖುದ್ದ ಹೋಗಿ, ಪಾಠ ಮಾಡೋರು ಅದಾರೋ ಇಲ್ಲೋ ಕೇಳ್ರಿ. ಪ್ರಾಸ್ಪೆಕ್ಟಸ್‌ನ್ಯಾಗ ವಿಷಯ ಇರತೈತಿ, ಮಾಸ್ತರ ಇರೂದಿಲ್ಲ.

ಬೆಂಗಳೂರಿನಿಂದ: ಇಂಜಿನಿಯರಿಂಗ್ ಮುಗಿಸಿ, ಕೆಲಸಕ್ಕೆ ಸೇರಿ, 38ನೇ ವಯಸ್ಸಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ, ಮನೇಲೇ ಓದ್ಕೊಂಡು, ಎಂ.ಎ. ಫಿಲಾಸಫಿ ಮಾಡಿದೆ. ಯಾವ ಡಿಗ್ರಿ ಇದ್ದರೂ ಸೇರಬಹುದು, ಆ ದಾರಿಯೂ ಇದೆ. ಕೊರತೆ ಒಂದೇ: ಕೂತು ಜಗಳ ಆಡೋಕೆ ಜನ ಇರಲ್ಲ. ರಾತ್ರಿ ಹನ್ನೊಂದಕ್ಕೆ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಬಗ್ಗೆ ಹೆಂಡತಿ ಹತ್ರ ಮಾತಾಡೋಕಾಗುತ್ತಾ?

ಕೇಳಿದವರು: ಜಗಳಕ್ಕೆ ನಮ್ಮನೇಲಿ ಬರ ಇಲ್ಲ ಸರ್. "ವಿತಂಡವಾದ ಮಾಡ್ಬೇಡ" ಅಂತ ಅವರಪ್ಪ ದಿನಾ ಬೈತಾರೆ.

ಮೈಸೂರಿನಿಂದ: ಅಯ್ಯೋ, ಆ ಮಾತೇ ನಮ್ಮ ಸಿಲಬಸ್ಸು! ನಿಜ ತಿಳಿಯೋಕೆ ಮಾಡೋದು ವಾದ, ಗೆಲ್ಲೋಕೆ ಮಾಡೋದು ಜಲ್ಪ, ತನ್ನದೊಂದು ಪಕ್ಷ ಇಲ್ಲದೆ ಎದುರಿನವರದ್ದನ್ನ ಕೆಡವೋದಷ್ಟೇ ವಿತಂಡ. ನಿಮ್ಮ ಮಗಳು ತನ್ನ ಪಕ್ಷ ಹೇಳೇ ಬಿಟ್ಟಿದ್ದಾಳಲ್ಲ? ಬೇಕಿದ್ರೆ ಜಲ್ಪ ಅಂತ ಬೈಯೋಕೆ ಹೇಳಿ ಸಾಹೇಬ್ರಿಗೆ.

ಕೇಳಿದವರು (ಒಂದು ವಾರದ ಮೇಲೆ): "ಫಿಲಾಸಫಿ ಯಾಕೆ ಓದಬಾರದು" ಅಂತ ಬರೆಯೋಕೆ ಕೊಟ್ಟೆ. ಎರಡು ಪುಟ ಅಂದ್ರೆ ಐದು ಬರೆದಿದ್ದಾಳೆ. ಅವರಪ್ಪ ಓದಿ, "ನಾನು ಇಷ್ಟು ಚೆನ್ನಾಗಿ ಹೇಳಿರ್ಲಿಲ್ಲ" ಅಂದ್ರು. ಸೋಮವಾರ ಮೂವರೂ ಕಾಲೇಜಿಗೆ ಹೋಗ್ತಿದ್ದೀವಿ, ಮೇಷ್ಟ್ರು ಇದ್ದಾರಾ ನೋಡೋಕೆ.