ಗೆಲ್ಲಬೇಕಿದ್ದ ಆಟ ಡ್ರಾ ಆಯಿತು: ನಾನು ತಪ್ಪಿದ್ದೆಲ್ಲಿ?

ಪ್ರಶ್ನೆ (ಕೋಥ್ರೂಡ್, ಪುಣೆ)

ಭಾನುವಾರಗಳಂದು ನಮ್ಮ ಸೊಸೈಟಿಯ ಅಂಗಳದಲ್ಲಿ ಚೆಸ್ ಆಡುವ ನಾಲ್ಕೈದು ಕನ್ನಡಿಗರಲ್ಲಿ ಯಾರೂ ಕ್ರಮವಾಗಿ ಕಲಿತವರಲ್ಲ. ಮೊನ್ನೆ ಬಿಳಿಯ ಕಾಯಿಗಳು ನನ್ನವು. ಆಟ ಹೀಗೆ ಸಾಗಿತು (ಮೊದಲು ನನ್ನ ನಡೆ, ನಂತರ ಎದುರಾಳಿಯದು, ಹೀಗೆ ಸರದಿಯಂತೆ; ಅಕ್ಷರ ಉದ್ದಸಾಲನ್ನೂ ಅಂಕಿ ಅಡ್ಡಸಾಲನ್ನೂ ಹೇಳುತ್ತದೆ): ಪೇದೆ ಇ4, ಪೇದೆ ಇ5, ಕುದುರೆ ಎಫ್3, ಪೇದೆ ಡಿ6, ಒಂಟೆ ಸಿ4, ಒಂಟೆ ಜಿ4, ಕುದುರೆ ಸಿ3, ಪೇದೆ ಜಿ6. ಆ ಒಂಟೆಯನ್ನು ಓಡಿಸಲು ನಾನು ಪೇದೆ ಎಚ್3 ನಡೆಸಿದೆ. ಅವರು ಎಫ್3ರ ಕುದುರೆಯನ್ನು ಹೊಡೆದರು, ನಾನು ರಾಣಿಯಿಂದ ಒಂಟೆಯನ್ನು ಹೊಡೆದೆ, ಅವರು ಕುದುರೆಯನ್ನು ಎಫ್6ಕ್ಕೆ ತಂದರು, ನಾನು ಕ್ಯಾಸಲ್ (ರಾಜನನ್ನು ಆನೆಯ ಕಡೆಗೆ ಸರಿಸಿ ಭದ್ರಪಡಿಸುವ ನಡೆ) ಮಾಡಿದೆ. ಎರಡು ಗಂಟೆಗಳ ನಂತರ ಉಳಿದದ್ದು ನನ್ನ ರಾಜ ಇ4ರಲ್ಲಿ, ಪೇದೆ ಎಫ್2ರಲ್ಲಿ, ಅವರ ರಾಜ ಇ6ರಲ್ಲಿ, ನಡೆ ನನ್ನದು. ಪೇದೆಯನ್ನು ಎಫ್4ಕ್ಕೆ ನಡೆಸಿದೆ, ಡ್ರಾ ಆಯಿತು. ಚೆಸ್ ಎಂಜಿನ್ (ನಡೆಗಳನ್ನು ಪರೀಕ್ಷಿಸುವ ಕಂಪ್ಯೂಟರ್ ಪ್ರೋಗ್ರಾಂ) ಕೆಂಪು ಗುರುತು ಹಾಕುತ್ತದೆಯೇ ಹೊರತು ಕಾರಣ ಹೇಳುವುದಿಲ್ಲ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ (ಡೊಂಬಿವಲಿ)

ಎಚ್3ರ ಬದಲು ಕುದುರೆಯಿಂದ ಇ5ರ ಪೇದೆಯನ್ನು ಹೊಡೆಯಬೇಕಿತ್ತು. ಆಸೆಗೆ ಬಿದ್ದು ಅವರ ಒಂಟೆ ಡಿ1ರ ರಾಣಿಯನ್ನು (ಇಲ್ಲಿನ ಹುಡುಗರ ಬಾಯಲ್ಲಿ ‘ವಜೀರ’) ಹೊಡೆದರೆ, ನಿಮ್ಮ ಒಂಟೆ ಎಫ್7ರಲ್ಲಿ ಚೆಕ್, ರಾಜ ಇ7, ಕುದುರೆ ಡಿ5, ಚೆಕ್‌ಮೇಟ್. ಅವರು ಪೇದೆಯಿಂದ ಕುದುರೆಯನ್ನು ಹೊಡೆದರೂ ನಿಮ್ಮ ರಾಣಿ ಜಿ4ರ ಒಂಟೆಯನ್ನು ಹೊಡೆಯುವುದರಿಂದ ಒಂದು ಪೇದೆಯಾದರೂ ಲಾಭ. 18ನೆಯ ಶತಮಾನದ ಪ್ಯಾರಿಸ್‌ನಲ್ಲಿ ಹೆಸರಾಂತ ಚೆಸ್ ಆಟಗಾರ ಫಿಲಿಡಾರ್‌ನ ಗುರುವಾಗಿದ್ದ ಲೆಗಾಲ್‌ನ ಹೆಸರಿನಲ್ಲಿ ಈ ಚೆಕ್‌ಮೇಟ್ ಪ್ರಸಿದ್ಧವಾಗಿದೆ. ಆದರೆ ಅವರು ಜಿ6ರ ಬದಲು ಕುದುರೆಯನ್ನು ಸಿ6ಕ್ಕೆ ತಂದಿದ್ದರೆ ಈ ಆಟಕ್ಕೆ ಕೈಹಾಕಬಾರದು, ಏಕೆಂದರೆ ಆ ಕುದುರೆ ಇ5ರಲ್ಲಿ ನಿಮ್ಮ ಕುದುರೆಯನ್ನು ಹೊಡೆದು ಅಲ್ಲಿಂದಲೇ ಜಿ4ರ ಒಂಟೆಗೂ ಕಾವಲು ನಿಲ್ಲುತ್ತದೆ.

ಉತ್ತರ (ಮಡಗಾಂವ್)

ಮೇಲಿನವರು ಹೇಳಿದ್ದು ಸರಿ. ಆದರೆ ರಾಣಿಯನ್ನು ಬಿಟ್ಟುಕೊಡುವ ನಡೆ ಹೊಳೆಯದಿದ್ದುದನ್ನು ನಾನು ತಪ್ಪೆಂದು ಎಣಿಸಲಾರೆ. ಸಿ3ರಲ್ಲಿ ನಿಮ್ಮದೇ ಕುದುರೆ ದಾರಿಗೆ ಅಡ್ಡ ಇರದಿದ್ದರೆ, ಕ್ಯಾಸಲ್ ಮಾಡುವ ಬದಲು ರಾಣಿಯನ್ನು ಬಿ3ಕ್ಕೆ ಒಯ್ದು ಎಫ್7 ಮತ್ತು ಬಿ7 ಎರಡಕ್ಕೂ ಒಮ್ಮೆಲೇ ಅಪಾಯ ಒಡ್ಡಬಹುದಿತ್ತು. 1858ರಲ್ಲಿ ಪ್ಯಾರಿಸ್‌ನ ಒಪೆರಾದಲ್ಲಿ ಕುಳಿತು ಅಮೆರಿಕದ ಆಟಗಾರ ಮಾರ್ಫಿ ಆಡಿದ್ದೂ ಇದೇ ನಡೆ; ಅವನ ಕುದುರೆ ಆಗ ಇನ್ನೂ ಸಿ3ಕ್ಕೆ ಬಂದಿರಲಿಲ್ಲ.

ಅರ್ಧ ಅಂಕ ಹೋದದ್ದು ಮಾತ್ರ ಕೊನೆಯ ನಡೆಯಲ್ಲಿ. ರಾಜರಿಬ್ಬರೂ ನಡುವೆ ಒಂದೇ ಮನೆ ಬಿಟ್ಟು ಎದುರುಬದುರು ನಿಂತಾಗ ನಡೆಯಬೇಕಾದವನೇ ದಾರಿ ಬಿಡಬೇಕಾಗುತ್ತದೆ. ಆ ಸರದಿಯನ್ನು ಎದುರಾಳಿಯ ತಲೆಗೆ ಕಟ್ಟಲು ನಿಮ್ಮಲ್ಲಿ ಒಂದು ನಡೆ ಮಿಗತೆಯಿತ್ತು: ಎಫ್3, ಒಂದೇ ಮನೆ. ಬಳಿಕ ಅವರ ರಾಜ ಡಿ6ಕ್ಕೆ ಸರಿದರೆ ನಿಮ್ಮ ರಾಜ ಎಫ್5ಕ್ಕೆ ನುಗ್ಗುತ್ತಾನೆ. ಎಫ್6ಕ್ಕೆ ಬಂದರೆ ನೀವು ಎಫ್4ಕ್ಕೆ ಹೋಗಿ ಮತ್ತೆ ಎದುರು ನಿಲ್ಲುತ್ತೀರಿ. ಎರಡು ಮನೆ ಹಾರಿಸಿದ್ದರಿಂದ ಪೇದೆ ರಾಜನ ಮಗ್ಗುಲಿಗೆ ಬಂದುಬಿಟ್ಟಿತು, ರಾಜ ಅದರ ಮುಂದೆ ಇರಬೇಕಾದ ಕಡೆಯಲ್ಲಿ. ಅವರ ರಾಜ ಎಫ್6ಕ್ಕೆ ಬಂದಮೇಲೆ ನೀವು ಡಿ5ಕ್ಕೆ ಸುತ್ತಿ ಹೋದರೆ ಅವನು ಎಫ್5ಕ್ಕೆ ಬಂದು ಪೇದೆಯನ್ನೇ ಕಬಳಿಸುತ್ತಾನೆ.

ಪ್ರಶ್ನೆ ಕೇಳಿದವರು

ತಮ್ಮಿಬ್ಬರಿಗೂ ಧನ್ಯವಾದಗಳು. ಎಫ್3 ಇಟ್ಟು, ಕಪ್ಪು ರಾಜನನ್ನು ಮಗಳ ಕೈಗೆ ಕೊಟ್ಟು ಮೂರು ಸಲ ಆಡಿ ನೋಡಿದೆ. ಮೂರು ಸಲವೂ ಪೇದೆ ರಾಣಿಯಾಯಿತು. ಎಫ್4 ಇಟ್ಟಾಗ ಅವಳು ಒಂದು ಸಲವೂ ಬಿಡಲಿಲ್ಲ.