ಅಪ್‌ಡೇಟ್: ಪುಣೆಯಲ್ಲಿ ಗಣಿತದ ಬಿಎಸ್ಸಿ, ರಿಯಲ್ ಅನಾಲಿಸಿಸ್ ಎಡವಟ್ಟು

ಪಿಯುಸಿಯಲ್ಲಿ ಗಣಿತ ಚೆನ್ನಾಗಿ ಬರುತ್ತಿದ್ದವರೂ ಬಿಎಸ್ಸಿಯ ರಿಯಲ್ ಅನಾಲಿಸಿಸ್‌ನಲ್ಲಿ (ಕ್ಯಾಲ್ಕುಲಸ್‌ನ ಮಾತುಗಳನ್ನು ಕರಾರುವಾಕ್ಕಾಗಿ ಸಾಧಿಸುವ ವಿಷಯ) ಏಕೆ ಮುಗ್ಗರಿಸುತ್ತಾರೆ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ತೊಡಕು ಲೆಕ್ಕದಲ್ಲಿಲ್ಲ, 'ಪ್ರತಿಯೊಂದಕ್ಕೂ', 'ಒಂದಾದರೂ ಇದೆ' ಎಂಬ ಮಾತುಗಳ ಕ್ರಮದಲ್ಲಿದೆ.

ಕಂಟಿನ್ಯುಯಿಟಿಯ (ಅವಿಚ್ಛಿನ್ನತೆಯ) ವ್ಯಾಖ್ಯೆಯಲ್ಲಿ ಫಂಕ್ಷನ್‌ನ ಬೆಲೆಗಳ ಅಂತರ ಮೀರಬಾರದ ಮಿತಿ ಎಪ್ಸಿಲಾನ್, ಅದಕ್ಕಾಗಿ ಸಂಖ್ಯೆಗಳ ಅಂತರಕ್ಕೆ ಹಾಕುವ ಮಿತಿ ಡೆಲ್ಟಾ. ಸಂಖ್ಯೆಯನ್ನು ಅದರ ವರ್ಗಕ್ಕೆ ಒಯ್ಯುವ ಫಂಕ್ಷನ್ ನೋಡಿ. 100 ಮತ್ತು 100.01ರ ಅಂತರ 0.01, ವರ್ಗಗಳ ಅಂತರ 2.0001. 1000 ಮತ್ತು 1000.001 ತೆಗೆದುಕೊಂಡರೆ ಅಂತರ ಇನ್ನೂ ಕಿರಿದು, ಆದರೂ ವರ್ಗಗಳ ಅಂತರ 2ಕ್ಕಿಂತ ಹೆಚ್ಚೇ. ಅಂದರೆ ಎಪ್ಸಿಲಾನ್ 1 ಆದಾಗ ಇಡೀ ಸಂಖ್ಯಾರೇಖೆಗೆ ಒಪ್ಪುವ ಒಂದೇ ಡೆಲ್ಟಾ ಇಲ್ಲ. ಬಿಂದು ಬದಲಾದಂತೆ ಡೆಲ್ಟಾ ಬದಲಾಗಲೇಬೇಕು. 'ಪ್ರತಿಯೊಂದು ಬಿಂದುವಿಗೂ ಒಂದು ಡೆಲ್ಟಾ ಇದೆ' ಎಂಬುದು ನಿಜ, 'ಪ್ರತಿಯೊಂದು ಬಿಂದುವಿಗೂ ಒಪ್ಪುವ ಒಂದೇ ಡೆಲ್ಟಾ ಇದೆ' ಎಂಬುದು ಸುಳ್ಳು. ಅದೇ 0ರಿಂದ 10ರವರೆಗೆ ಮಾತ್ರವಾದರೆ ಡೆಲ್ಟಾಗೆ ಎಪ್ಸಿಲಾನನ್ನು 20ರಿಂದ ಭಾಗಿಸಿದರೆ ಸಾಕು, ಏಕೆಂದರೆ ವರ್ಗಗಳ ಅಂತರವೆಂದರೆ ಸಂಖ್ಯೆಗಳ ಅಂತರ ಮತ್ತು ಮೊತ್ತದ ಗುಣಲಬ್ಧ, ಅಲ್ಲಿ ಎರಡು ಸಂಖ್ಯೆಗಳ ಮೊತ್ತ 20 ಮೀರದು. ಎಷ್ಟು ಚೆಂದದ ವ್ಯತ್ಯಾಸ! ಇದನ್ನು ಕೈಯಾರೆ ಬರೆದು ನೋಡದೆ ವ್ಯಾಖ್ಯೆ ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲ.

ಪ್ರವೇಶದ ವಿಷಯ: ಪುಣೆಯ ಐಸರ್‌ಗೆ (ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಐಎಟಿ, ಮುಂಬೈನ ಸಿಇಬಿಎಸ್‌ಗೆ (ಮೂಲ ವಿಜ್ಞಾನಗಳ ಕೇಂದ್ರ) ನೆಸ್ಟ್ ಎಂಬ ಪ್ರವೇಶ ಪರೀಕ್ಷೆ. ಎರಡೂ ಕಡೆ ಐದು ವರ್ಷದ ಕೋರ್ಸ್. ಬಿಎಸ್ಸಿಗೆ ಸೇರಿದವರು ಮಾಧವ ಗಣಿತ ಸ್ಪರ್ಧೆಯ (ಪದವಿ ವಿದ್ಯಾರ್ಥಿಗಳ ಸ್ಪರ್ಧೆ) ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲಿ. ಸಾಧನೆ (ಪ್ರೂಫ್) ಬರೆಯುವ ಅಭ್ಯಾಸಕ್ಕೆ ಅವು ಬಹಳ ಒಳ್ಳೆಯವು.