ನೀತಿಗೆ ದೇವರೇ ಬುನಾದಿ ಅಂತಾರಲ್ಲ, ಹಂಗಂದ್ರ ಏನ್ರಿ?

ವಾಸ್ಕೊ ಗೌಂಡಿ

ಎಲ್ಲಾರಿಗೂ ನಮಸ್ಕಾರ್ರಿ. ನಂದು ರೋಣ ತಾಲೂಕು. ಗೋವಾಕ್ಕ ಬಂದು 22 ವರ್ಷ ಆತು, ವಾಸ್ಕೊದಾಗ ಗೌಂಡಿ ಕೆಲಸ. ಈಗ ನನ್ನ ಕೈಕೆಳಗ ಆರು ಮಂದಿ ಅದಾರ.

ಹೋದ ಮಳಿಗಾಲಕ್ಕಿಂತ ಮೊದಲ ಚಿಕಾಲಿಮ್‌ದಾಗ ಒಂದು ಹಳೇ ಮನಿ ರಿಪೇರಿ ಹಿಡದಿದ್ವಿ. ಮನಿಯವರು ವಯಸ್ಸಾದ ಕ್ಯಾಥೊಲಿಕ್ ಅಜ್ಜಿ, ಒಬ್ಬರ ಇರ್ತಾರ. ಶನಿವಾರ ಸಂಜಿಗೆ ಪಗಾರ ಕೊಡಬೇಕು, ಅವತ್ತ ಎಟಿಎಂದಾಗ ರೊಕ್ಕ ಇಲ್ಲ. "ಸೋಮವಾರ ಕೊಡ್ರಿ, ನಡೀತೈತಿ" ಅಂದೆ. ಕೇಳಲಿಲ್ಲ. ಮಗ್ಗಲ ಮನಿಗೆ ಹೋಗಿ ಕಡ ತಂದು, ಒಬ್ಬೊಬ್ಬರ ಕೈಯಾಗ ಎಣಿಸಿ ಇಟ್ಟರು. "ದುಡದವರ ಕೂಲಿ ರಾತ್ರಿ ನನ್ನ ಮನಿಯಾಗ ಇರಬಾರದಪ್ಪ, ದೇವರ ಮಾತದು" ಅಂತ ಕೊಂಕಣಿಯಾಗ ಅಂದ್ರು.

ಅವರ ಅಳಿಯಾನೂ ಅಲ್ಲೇ ಇದ್ದರು, ಓದಿದವರು. ಚಾ ಕುಡಕೋತ ಮಾತಿಗೆ ಮಾತು ಬಂತು. "ದೇವರು ಇಲ್ಲ ಅಂದ್ರ ಒಳ್ಳೇದು ಕೆಟ್ಟದ್ದು ಅನ್ನೋದಕ್ಕ ಬುನಾದೀನ ಇರಂಗಿಲ್ಲ" ಅಂದ್ರು. ಸಿಟ್ಟಿನಿಂದ ಅಂದಿದ್ದಲ್ಲ, ಅವರ ನಂಬಿಕಿ ಹೇಳಿದ್ರು.

ಆ ಮಾತು ನನಗ ನಟ್ಟೈತಿ. ನಮ್ಮಪ್ಪ ಬೈಬಲ್ ಕಂಡಾವ ಅಲ್ಲ, ಗುಡಿ ಮೆಟ್ಟಲಾನೂ ಹತ್ತತಿದ್ದಿಲ್ಲ. ಆದ್ರ ಶೇಂಗಾ ಕೀಳೂ ಹಂಗಾಮಿನ್ಯಾಗ ಹೊತ್ತು ಮುಳುಗೂದ್ರಾಗ ಕೂಲಿ ಕೊಟ್ಟ ಮ್ಯಾಲೇನ ಉಣ್ಣಾಕ ಕುಂದ್ರತಿದ್ದ. ಅವನ ಒಳ್ಳೇತನಕ್ಕ ಬುನಾದಿ ಇದ್ದಿದ್ದಿಲ್ಲೇನು? ಇನ್ನೊಬ್ಬ ಮಾಲಕ ಒಂದು ಐತವಾರಾನೂ ಇಗರ್ಜಿ ತಪ್ಪಿಸಾವಲ್ಲ, ನಮ್ಮ ಮೂರು ವಾರದ ಕೂಲಿ ಇವತ್ತಿಗೂ ಕೊಟ್ಟಿಲ್ಲ. ಹೆಸರು ಬ್ಯಾಡ.

ಬುನಾದಿ ಅನ್ನೂ ಶಬ್ದ ನನಗ ಸುಮ್ನ ಶಬ್ದ ಅಲ್ರಿ. ತುಂಬಿದ ಮಣ್ಣಿನ ಮ್ಯಾಲೆ ಗ್ವಾಡಿ ಎಬ್ಬಿಸಿದ್ರ ಎರಡು ಮಳಿಗೆ ಸೀಳತೈತಿ. ಅದಕ್ಕ ಗಟ್ಟಿ ಕೆಂಪುಕಲ್ಲು ಹತ್ತೂತನಕ ಅಗೀತೀವಿ. ಕ್ರಿಶ್ಚಿಯನ್ನರು ನೀತಿಗೆ ದೇವರೇ ಬುನಾದಿ ಅಂದಾಗ ಯಾವ ಅರ್ಥದಾಗ ಅಂತಾರ? ನಂಬದವರ ಗ್ವಾಡಿ ಬೀಳತೈತಿ ಅಂತೇನು? ತಿಳದವರು ಹೇಳ್ರಿ, ಜಗಳಕ್ಕ ಕೇಳಿಲ್ಲ.

ಅಂಧೇರಿ ಟೀಚರ್

ಮೇಸ್ತ್ರಿಗಳೇ, ನಾನು ಮಂಗಳೂರಿನ ಪ್ರೊಟೆಸ್ಟೆಂಟ್ ಮನೆಯವಳು. ಮುತ್ತಜ್ಜ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾನು ಮುಂಬಯಿಯಲ್ಲಿ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು.

ಅಜ್ಜಿಯ ಮಾತು ಬೈಬಲಿನ ಯಾಜಕಕಾಂಡ ಎಂಬ ಪುಸ್ತಕದ 19ನೇ ಅಧ್ಯಾಯದ್ದು, 13ನೇ ವಚನ. ಅದೇ ಅಧ್ಯಾಯದಲ್ಲಿ ಕಿವುಡರನ್ನು ಶಪಿಸಬೇಡ, ಕುರುಡರ ದಾರಿಗೆ ಅಡ್ಡ ಇಡಬೇಡ, ಹೊಲದ ಅಂಚಿನ ತೆನೆಯನ್ನು ಬಡವರಿಗೆ ಬಿಡು, ತಕ್ಕಡಿಯಲ್ಲಿ ಮೋಸ ಮಾಡಬೇಡ ಎಂದೆಲ್ಲ ಇದೆ. ಹೀಗೆ ಮಾಡಿದರೆ ಇಂಥ ಲಾಭ ಎಂದು ಅಲ್ಲಿ ಹೇಳುವುದಿಲ್ಲ. ಮತ್ತೆ ಮತ್ತೆ ಬರುವುದು ಒಂದೇ ಮಾತು: ನಾನು ನಿಮ್ಮ ದೇವರು. ಅಧ್ಯಾಯ ತೊಡಗುವುದೂ ಹಾಗೆಯೇ, ನಾನು ಪರಿಶುದ್ಧ, ಆದ್ದರಿಂದ ನೀವೂ ಪರಿಶುದ್ಧರಾಗಿರಿ ಅಂತ. ಬುನಾದಿ ಎಂದು ನಾವು ಹೇಳುವುದು ದೇವರ ಆ ಸ್ವಭಾವವನ್ನು. ನರಕದ ಹೆದರಿಕೆಯನ್ನು ಬುನಾದಿ ಅಂದುಕೊಂಡವರು ನಮ್ಮಲ್ಲೂ ಇದ್ದಾರೆ, ಆದರೆ ಹೆದರಿ ಕೊಟ್ಟ ಕೂಲಿಯೇ ಬೇರೆ, ಅಜ್ಜಿ ಸಾಲ ಮಾಡಿ ಕೊಟ್ಟ ಕೂಲಿಯೇ ಬೇರೆ.

ಇನ್ನು ನಿಮ್ಮ ತಂದೆಯವರ ವಿಷಯ. ಯೇಸುವಿನ ಸಂದೇಶವನ್ನು ಸಾರಿದ ಪೌಲ, ರೋಮಾಪುರದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಇದನ್ನೇ ಎತ್ತುತ್ತಾನೆ. ದೇವರು ಯಹೂದಿಗಳಿಗೆ ಕೊಟ್ಟ ಧರ್ಮಶಾಸ್ತ್ರ ಸಿಕ್ಕದ ಜನರೂ ತಾವಾಗಿಯೇ ಅದರಂತೆ ನಡೆದರೆ, ಅದು ಅವರ ಹೃದಯದಲ್ಲೇ ಬರೆದಿದೆ ಎಂದರ್ಥ, ಅವರ ಮನಸ್ಸಾಕ್ಷಿಯೇ ಸಾಕ್ಷಿ ಎನ್ನುತ್ತಾನೆ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ನೀವು ಇಳಿಬಿಡುವ ನೂಲುಗುಂಡು ನೆಟ್ಟಗೆ ಇಳಿಯುವುದು ಭೂಮಿ ಎಳೆಯುವುದರಿಂದ. ಆ ಪಾಠ ಓದದ ಮೇಸ್ತ್ರಿಯೂ ನೆಟ್ಟಗಿನ ಗೋಡೆ ಕಟ್ಟುತ್ತಾನೆ. ವರ್ಷಗಟ್ಟಲೆ ಅದೇ ಪಾಠ ಮಾಡಿದ ನನಗೆ ಒಂದು ವರಸೆ ಕಲ್ಲು ಇಡಲು ಬಾರದು. ನಿಮ್ಮ ತಂದೆಯವರ ಗೋಡೆ ನೆಟ್ಟಗಿತ್ತು. ಅದನ್ನು ನೆಟ್ಟಗೆ ಹಿಡಿದದ್ದು ದೇವರು ಎಂದು ನಾನು ನಂಬುತ್ತೇನೆ. ಅವರು ಹಾಗೆ ನಂಬಿರಲಿಲ್ಲ ಎಂಬುದರಿಂದ ಗೋಡೆ ಒಂದು ನೂಲೂ ವಾಲುವುದಿಲ್ಲ.

ನೂಲುಗುಂಡು ನಮ್ಮ ಗ್ರಂಥದಲ್ಲೂ ಇದೆ. ಕುರಿ ಕಾಯುತ್ತಿದ್ದ ಆಮೋಸ ಎಂಬ ಪ್ರವಾದಿಗೆ, ಗೋಡೆಯ ಪಕ್ಕ ನೂಲುಗುಂಡು ಹಿಡಿದು ನಿಂತ ದೇವರು ಕಾಣಿಸುತ್ತಾನೆ. ಆ ಗುಂಡು ಇಳಿದದ್ದು ಯಾರ ಗೋಡೆಗೆ ಗೊತ್ತೇ? ಪರಕೀಯರ ಗೋಡೆಗಲ್ಲ, ಹಬ್ಬ ತಪ್ಪದೆ ಆಚರಿಸುತ್ತ ಬಡವರನ್ನು ಒಂದು ಜೊತೆ ಕೆರಕ್ಕೆ ಮಾರುತ್ತಿದ್ದ ದೇವಜನರ ಗೋಡೆಗೆ. ನಿಮ್ಮ ಮೂರು ವಾರದ ಕೂಲಿ ಇಟ್ಟುಕೊಂಡವರು ಆ ಪುಸ್ತಕ ಓದಬೇಕು.

ಧಾರವಾಡದಿಂದ ಪುಣೆಗೆ

ಟೀಚರ್, ಹೋಲಿಕೆ ಚೆನ್ನಾಗಿದೆ, ಆದರೆ ಭೂಮಿಯ ಎಳೆತವನ್ನು ಅಳೆದು ತೋರಿಸಬಹುದು. ದೇವರನ್ನು ಹಾಗೆ ತೋರಿಸಲಾಗದು. ನಾನು ನಂಬುವವನಲ್ಲ, ಗೌರವದಿಂದಲೇ ಎರಡು ಮಾತು ಕೇಳುತ್ತೇನೆ.

ಒಂದು ಹಳೆಯದು, ಗ್ರೀಸಿನ ಪ್ಲೇಟೋ ಬರೆದಿಟ್ಟದ್ದು. ದೇವರು ಹೇಳಿದ್ದರಿಂದ ಒಳ್ಳೆಯದು ಒಳ್ಳೆಯದಾಯಿತೋ, ಒಳ್ಳೆಯದಾದ್ದರಿಂದ ದೇವರು ಹೇಳಿದನೋ? ಮೊದಲನೆಯದಾದರೆ ನಾಳೆ ಅವನು ಕೂಲಿ ಕೊಡಬೇಡ ಎಂದರೂ ಸರಿಯೇ. ಎರಡನೆಯದಾದರೆ ಒಳ್ಳೆಯದು ದೇವರಿಗಿಂತ ಮೊದಲೇ ಇದೆ, ಬುನಾದಿ ಬೇರೆಲ್ಲೋ ಇದೆ.

ಎರಡನೆಯದು ಗೋವಾದ್ದೇ. ಕಳೆದ ಡಿಸೆಂಬರಿನಲ್ಲಿ ಮಗಳನ್ನು ಕರೆದುಕೊಂಡು ಹಳೇ ಗೋವಾಕ್ಕೆ ಹೋಗಿದ್ದೆ. ಅಲ್ಲಿ ಇನ್‌ಕ್ವಿಸಿಶನ್, ಅಂದರೆ ಚರ್ಚಿನ ನಂಬಿಕೆಗೆ ವಿರುದ್ಧ ನಡೆದರೆಂದು ಜನರನ್ನು ವಿಚಾರಿಸಿ ಶಿಕ್ಷಿಸುವ ನ್ಯಾಯಮಂಡಳಿ, ನಡೆದದ್ದು 1560ರಿಂದ, ನಡುವೆ ಕೆಲವು ವರ್ಷ ಬಿಟ್ಟರೆ 1812ರವರೆಗೆ. ಗಾರ್ಸಿಯಾ ದ ಓರ್ತ ಎಂಬ ವೈದ್ಯ ಇಲ್ಲಿನ ಗಿಡಮೂಲಿಕೆಗಳ ಬಗ್ಗೆ 1563ರಲ್ಲಿ ಗೋವಾದಲ್ಲೇ ಪುಸ್ತಕ ಅಚ್ಚು ಹಾಕಿಸಿದವನು. ಯಹೂದಿ ಮೂಲದವನು, ಗುಟ್ಟಾಗಿ ಹಳೆಯ ನಂಬಿಕೆಯನ್ನೇ ಇಟ್ಟುಕೊಂಡಿದ್ದ ಎಂದು, ಸತ್ತು 12 ವರ್ಷಗಳಾದ ಮೇಲೆ, 1580ರಲ್ಲಿ ಅವನ ಎಲುಬು ಅಗೆದು ತೆಗೆದು ಸುಟ್ಟರು. ಈಗ ಪಣಜಿಯ ಉದ್ಯಾನಕ್ಕೆ ಅವನ ಹೆಸರಿದೆ. ಮಗಳು ಅಲ್ಲಿ ಬೆಂಚಿನ ಮೇಲೆ ಕೂತು ಕೇಳಿದಳು, "ಅಪ್ಪಾ, ಸತ್ತವರನ್ನು ಯಾಕೆ ಸುಟ್ಟರು?" ನನಗೆ ಹೇಳಲು ಬರಲಿಲ್ಲ. ಸುಟ್ಟವರೂ ದೇವರೇ ಬುನಾದಿ ಎಂದವರೇ ಅಲ್ಲವೇ?

ಅಂಧೇರಿ ಟೀಚರ್

ಮೊದಲು ಮಗಳ ಪ್ರಶ್ನೆ. ಸತ್ತವನ ಎಲುಬು ಸುಟ್ಟದ್ದು ಪಾಪ. "ಆ ಕಾಲವೇ ಹಾಗೆ" ಎಂದು ನಾನು ಹೇಳುವುದಿಲ್ಲ. ದೇವರ ನೂಲುಗುಂಡನ್ನು ತಮ್ಮ ಗೋಡೆಗೆ ಇಳಿಬಿಡದೆ ಬರೇ ಇನ್ನೊಬ್ಬರ ಗೋಡೆಗೆ ಹಿಡಿದವರು ಅವರು. "ಈ ಅತ್ಯಲ್ಪರಾದವರಿಗೆ ಮಾಡಿದ್ದು ನನಗೇ ಮಾಡಿದ್ದು" ಎಂದು ಮತ್ತಾಯನ 25ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದನ್ನು ಹಿಡಿದು ಅಳೆದರೆ, ಸುಟ್ಟದ್ದು ಯಾರನ್ನು? ಇದನ್ನು ನೆನೆದರೆ ನನಗೆ ಈಗಲೂ ಪ್ರಾರ್ಥನೆಯಲ್ಲಿ ಮಾತು ನಿಲ್ಲುತ್ತದೆ.

ಪ್ಲೇಟೋನ ಪ್ರಶ್ನೆಗೆ ನಮ್ಮ ಹಿರಿಯರು ಕೊಟ್ಟ ಉತ್ತರ, ಆ ಎರಡೂ ಅಲ್ಲ ಅಂತ. ಒಳ್ಳೆಯತನ ದೇವರ ಆಜ್ಞೆಗೂ ಮೊದಲಿನದು ನಿಜ, ಆದರೆ ದೇವರಿಗೆ ಹೊರಗಿನದಲ್ಲ, ಅದು ಅವನ ಸ್ವಭಾವ. ದೇವರು ಪ್ರೀತಿಯೇ ಆಗಿದ್ದಾನೆ ಎಂದು ಯೋಹಾನನ ಮೊದಲ ಪತ್ರದಲ್ಲಿದೆ. ತನಗೆ ತಾನೇ ಸುಳ್ಳಾಗಲು ಅವನಿಂದಾಗದು, ಹಾಗಾಗಿ ನಾಳೆ ಕೂಲಿ ಕೊಡಬೇಡ ಎನ್ನಲೂ ಆಗದು. ಎಲ್ಲ ಕ್ರೈಸ್ತರೂ ಹೀಗೆ ಹೇಳಿಲ್ಲ. ದೇವರ ಇಚ್ಛೆಯೇ ಸರಿತಪ್ಪನ್ನು ತೀರ್ಮಾನಿಸುತ್ತದೆ ಎಂದವರೂ ಇದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ.

ಯಾಕೆಂದರೆ ಆದಿಕಾಂಡ 18ರಲ್ಲಿ ಸೊದೋಮ್ ಊರನ್ನು ನಾಶಮಾಡಲು ಹೊರಟ ದೇವರ ಎದುರು, ಯಹೂದಿಗಳ ಮೂಲಪುರುಷ ಅಬ್ರಹಾಮ ನಿಂತು, "ಲೋಕಕ್ಕೆಲ್ಲ ನ್ಯಾಯ ತೀರಿಸುವವನು ನ್ಯಾಯ ಮಾಡಬೇಡವೇ?" ಎಂದು ಕೇಳುತ್ತಾನೆ. ಊರಲ್ಲಿ 50 ನೀತಿವಂತರಿದ್ದರೆ ಅದನ್ನು ಉಳಿಸುವೆಯಾ ಎಂದು ತೊಡಗಿ 45, 40, 30, 20, 10ರವರೆಗೆ ಚೌಕಾಶಿ ಮಾಡುತ್ತಾನೆ. ದೇವರು ಸಿಟ್ಟಾಗುವುದಿಲ್ಲ, ಒಂದೊಂದು ಸಲವೂ ಹೂಂ ಎನ್ನುತ್ತಾನೆ. ಮುಂದೆ 22ನೇ ಅಧ್ಯಾಯದಲ್ಲಿ ಮಗನನ್ನು ಬಲಿಕೊಡು ಎಂಬ ಮಾತು ಬಂದಾಗ ಅದೇ ಅಬ್ರಹಾಮ ಯಾಕೆ ಸುಮ್ಮನಾದ? ಕೊನೆಗೆ ದೇವರೇ ಕೈ ತಡೆಯುತ್ತಾನೆ ಎಂದು ಗೊತ್ತಿದ್ದರೂ ಆ ಪುಟ ನನ್ನನ್ನು ಬಿಟ್ಟಿಲ್ಲ.

ಮಡಗಾಂವ್‌ನವ

ನಾನು ಕಾರವಾರದ ಕಡೆಯ ಕ್ಯಾಥೊಲಿಕ್, ಇಲ್ಲಿ ಪ್ಯಾರಿಷ್‌ನಲ್ಲಿ ಮಕ್ಕಳಿಗೆ ಜ್ಞಾನೋಪದೇಶ ಕಲಿಸುತ್ತೇನೆ. ಟೀಚರ್ ಹೇಳಿದ್ದಕ್ಕೆ ಒಂದೇ ಸೇರಿಕೆ. ನಮ್ಮಲ್ಲಿ 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಇದನ್ನು ಸಹಜ ನಿಯಮ ಎಂದರು. ದೇವರ ಶಾಶ್ವತ ನಿಯಮದಲ್ಲಿ ಪ್ರತಿ ಮನುಷ್ಯನಿಗೂ ಬುದ್ಧಿಯ ಮೂಲಕ ಪಾಲುಂಟು. ಬ್ಯಾಪ್ಟಿಸಮ್ (ಕ್ರೈಸ್ತ ದೀಕ್ಷಾಸ್ನಾನ) ಆದವರಿಗೆ ಮಾತ್ರ ಅಂತಿಲ್ಲ. ಹಾಗಾಗಿ ಗೌಂಡಿಯವರ ಅಪ್ಪನನ್ನು ಹೊರಗಿಡಲು ನಮ್ಮ ಸಭೆಗೇ ಅಧಿಕಾರವಿಲ್ಲ. ಆ ಅಳಿಯ ಇದನ್ನೂ ಹೇಳಬೇಕಿತ್ತು.

ವಾಸ್ಕೊ ಗೌಂಡಿ

ಎಲ್ಲಾರಿಗೂ ಶರಣ್ರಿ. ರಾತ್ರಿ ಎರಡು ಸಲ ಓದಿದೆ. ಟೀಚರಕ್ಕಾರ, ನೀವು ನಮ್ಮಪ್ಪನ ಗ್ವಾಡಿ ನೆಟ್ಟಗಿತ್ತು ಅಂದ್ರಲ್ಲ, ಅಲ್ಲೇ ತಡದೆ ನಾನು. ನೆಟ್ಟಗೆ ಹಿಡದಾವ ನಿಮ್ಮ ದೇವರು ಅನ್ನೂದು ನನಗಿನ್ನೂ ಒಳಗ ಇಳದಿಲ್ಲ. ನಮ್ಮ ಕಡೆ ಬಸವಣ್ಣೋರು ದಯಾನ ಧರ್ಮದ ಮೂಲ ಅಂದಾರ. ಅಪ್ಪಗ ಅದೂ ಬಾಯಿಪಾಠ ಬರ್ತಿದ್ದಿಲ್ಲ. ಪುಣೆಯ ತಮ್ಮಾ, ಎಲುಬು ಸುಟ್ಟಿದ್ದು ನನಗೂ ಗೊತ್ತಿದ್ದಿಲ್ಲ. ಆ ಉದ್ಯಾನದ ಮುಂದ ಎಷ್ಟು ಸಲ ಬಸ್ ಇಳದೀನೋ.

ಶನಿವಾರ ಅಜ್ಜಿ ಮನಿ ಕಂಪೌಂಡಿನ ಕೆಲಸ ಐತಿ. ಆಮೋಸನ ಗುಂಡಿನ ಮಾತು ಅವರಿಗೆ ಹೇಳ್ತೀನಿ. ಒಂದು ಕೇಳೂದು ಉಳೀತ್ರಿ ಅಕ್ಕಾರ. ಅಬ್ರಹಾಮ ಹತ್ತಕ್ಕ ಯಾಕ ನಿಲ್ಲಿಸಿದ? ಒಬ್ಬನ ಒಬ್ಬ ಇದ್ರ ಅಂತ ಯಾಕ ಕೇಳಲಿಲ್ಲ?